ಕ ಒತ್ತಿದರೆ ಕ ಬಂತು

ಕಡಬ, ಆಲಂಕಾರು, ನೆಲ್ಯಾಡಿಯ ಸುತ್ತಿನಲ್ಲಿ ಆಂಟಣಿಯ ಮುಖ ಗೊತ್ತಿಲ್ಲದವರು ಸಿಕ್ಕಾರು, ಸ್ವರ ಗೊತ್ತಿಲ್ಲದವರು ಸಿಗಲಾರರು. ಹಳೆಯ ಜೀಪಿನ ನೆತ್ತಿಗೆ ಎರಡು ಧ್ವನಿವರ್ಧಕ ಬಿಗಿದುಕೊಂಡು ಅರ್ಧ ಆಯುಷ್ಯ ಅವನು ಊರಿಗೆ ಸುದ್ದಿ ಹೇಳಿದ. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ, ನಾಟಕ, ಸೊಸೈಟಿಯ ಮಹಾಸಭೆ, ಯಾವುದಾದರೂ ಸರಿ. ಕಬಡ್ಡಿ ಪಂದ್ಯವೆಂದರೆ ವೀಕ್ಷಕ ವಿವರಣೆಗೆ ಅವನೇ ಆಗಬೇಕು. ಆಟ ಸಪ್ಪೆಯಾದರೂ ಅವನ ಮಾತು ಸಪ್ಪೆಯಾಗುತ್ತಿರಲಿಲ್ಲ. ಸೋತ ತಂಡದವರೂ ಬಂದು ಕೈ ಕುಲುಕಿ ಹೋಗುತ್ತಿದ್ದರು. ಅವನ ಅಜ್ಜ ಕೇರಳದ ಪಾಲಾ ಕಡೆಯಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ಮನೆಯಲ್ಲಿ ಮಲಯಾಳ, ಪೇಟೆಯಲ್ಲಿ ತುಳು, ಮೈಕಿನಲ್ಲಿ ಮಾತ್ರ ಕನ್ನಡ. ಆ ಕನ್ನಡವನ್ನು ಅವನು ಶಾಲೆಯಲ್ಲಿ ಪೆಟ್ಟು ತಿಂದು ಕಲಿತ, ಆಮೇಲೆ ಅದರಿಂದಲೇ ಅನ್ನ ತಿಂದ. ಏನೇ ಹೇಳುವುದಿದ್ದರೂ ಮೊದಲು "ಮಾನ್ಯರೇ" ಎಂದು ಎಳೆದು, ಒಂದು ಕ್ಷಣ ನಿಲ್ಲಿಸಿ, ಆಮೇಲೆ ವಿಷಯಕ್ಕೆ ಬರುವುದು ಅವನ ಕ್ರಮ.

ಮೈಕ್ ಹಿಡಿದುಕೊಂಡೇ ಬಿದ್ದಿದ್ದರೆ ಊರವರು ಅದನ್ನೊಂದು ಕಥೆ ಮಾಡಿ ಹೇಳುತ್ತಿದ್ದರು. ದೇವರು ಅಷ್ಟು ಮರ್ಯಾದೆಯನ್ನೂ ಕೊಡಲಿಲ್ಲ. ಐವತ್ತಮೂರರ ವಯಸ್ಸಿನಲ್ಲಿ ಒಂದು ಬೆಳಿಗ್ಗೆ, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಬಚ್ಚಲ ಬಾಗಿಲಲ್ಲಿ ಕುಸಿದ. ಸುಳ್ಯದ ದೊಡ್ಡ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಲಗೈ ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ. ಕಾಲು ಕೆಲವು ವಾರಗಳ ಮೇಲೆ ಕೋಲು ಹಿಡಿದು ಎದ್ದಿತು. ಕೈ ಏಳಲಿಲ್ಲ. ಮಾತೂ ಹೋಗಿತ್ತು. ಪೂರ್ತಿ ಹೋಗಿದ್ದರೂ ಒಳ್ಳೆಯದಿತ್ತೋ ಏನೋ, ಒಂದೇ ಒಂದು ಶಬ್ದ ಉಳಿದುಕೊಂಡಿತು.

ನೀರು ಬೇಕಾದರೆ "ಮಾನ್ಯರೇ". ಬೆನ್ನು ತುರಿಸಿದರೆ "ಮಾನ್ಯರೇ". ಮೂತ್ರಕ್ಕೆ ಅವಸರವಾದರೆ ಅದನ್ನೇ ಜೋರಾಗಿ. ವಾರ್ಡಿನಲ್ಲಿ ಇದ್ದವರಿಗೆ ನಗು ತಡೆಯುತ್ತಿರಲಿಲ್ಲ. ಅವನ ಹೆಂಡತಿ ವಲ್ಸಾ ಮೊದಲ ಸಲ ಸೆರಗು ಅಡ್ಡ ಹಿಡಿದು ತಾನೂ ನಕ್ಕಳು. ಎರಡನೆಯ ಸಲ ಅದೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಂಟಣಿಯ ತಲೆಯೊಳಗೆ ಬೇಕಾದ ಶಬ್ದ ಸರಿಯಾಗಿಯೇ ಏಳುತ್ತಿತ್ತು. ಬಾಯಿಗೆ ಬರುವಷ್ಟರಲ್ಲಿ ಅದು ಬೇರೆಯದಾಗಿರುತ್ತಿತ್ತು. ಬೇರೆಯದಾದದ್ದು ಅವನ ಕಿವಿಗೆ ಸ್ಪಷ್ಟವಾಗಿ ಕೇಳುತ್ತಲೂ ಇತ್ತು. ಅದೇ ಅವನ ನರಕ.

ಪಕ್ಕದ ಮಂಚದ ಅಹ್ಮದ್ ಕುಂಞಿಗೆ ಆ ನರಕವೂ ಇರಲಿಲ್ಲ. ಮೀನಿನ ವ್ಯಾಪಾರದ ಮನುಷ್ಯ, ಅವನಿಗೂ ಅದೇ ಕಾಯಿಲೆ, ಆದರೆ ಮೆದುಳಿನಲ್ಲಿ ಪೆಟ್ಟು ಬಿದ್ದ ಜಾಗ ಬೇರೆ. ಅವನ ಮಾತು ನಿಲ್ಲುತ್ತಲೇ ಇರಲಿಲ್ಲ, ಒಂದಕ್ಕೂ ಅರ್ಥವಿರಲಿಲ್ಲ. "ಬಲ್ಕ ತೊಂಪೆ ಕಸಿರಿ" ಎಂದು ಗಂಭೀರವಾಗಿ ಹೇಳಿ, ಉತ್ತರಕ್ಕಾಗಿ ಕಾಯುತ್ತಿದ್ದ. ಅವನ ಹೆಂಡತಿ ಆಯಿಶಮ್ಮ ಕಿತ್ತಳೆ ಸುಲಿಯುತ್ತ, "ಹೌದು, ಹೌದು, ಹಾಗೇ ಮಾಡುವ" ಎನ್ನುತ್ತಿದ್ದಳು. ಅಹ್ಮದ್ ಕುಂಞಿಗೆ ಸಮಾಧಾನವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅವರು ಅಹ್ಮದ್ ಕುಂಞಿಯ ಬಗ್ಗೆ ವಲ್ಸಾಳಿಗೆ ತಗ್ಗಿದ ದನಿಯಲ್ಲಿ ವಿವರಿಸಿದ್ದು ಆಂಟಣಿಗೂ ಕೇಳಿಸಿತು.

"ಅವರಿಗೆ ತಾವು ತಪ್ಪು ಹೇಳುದು ಗೊತ್ತಾಗುದಿಲ್ಲ ಅಮ್ಮ. ಎಲ್ಲ ಸರಿ ಉಂಟು ಅಂತಲೇ ಅವರ ಕಿವಿಗೆ ಕೇಳುದು. ಗುಣ ಆಗ್ತಾ ಬಂದ ಹಾಗೆ ಗೊತ್ತಾಗ್ತದೆ. ಗೊತ್ತಾದ ದಿನ ತುಂಬ ಅಳ್ತಾರೆ."

ಆಂಟಣಿಗೆ ಪಾಪ ಅನ್ನಿಸಿತು. ಜೊತೆಗೆ, ಸುಳ್ಳು ಯಾಕೆ, ಸ್ವಲ್ಪ ಜಂಬವೂ ಬಂತು. ತನಗೆ ತನ್ನ ತಪ್ಪಾದರೂ ಗೊತ್ತಾಗುತ್ತದಲ್ಲ.

ಮನೆಗೆ ಕಳಿಸುವಾಗ ಮೇಡಂ ಒಂದು ಮಾತು ಹೇಳಿದರು: ಮೂರು ಭಾಷೆಯಲ್ಲಿ ಇವರನ್ನು ಎಳೆದಾಡಬೇಡಿ, ಉಳಿದ ಒಂದು ಶಬ್ದ ಯಾವ ಭಾಷೆಯದ್ದೋ ಅದನ್ನೇ ಹಿಡಿಯಿರಿ. ಹಾಗಾಗಿ ಮೂರು ತಲೆಮಾರಿನಿಂದ ಮಲಯಾಳ ಆಡಿದ ಮನೆ ಒಂದೇ ದಿನದಲ್ಲಿ ಕನ್ನಡಕ್ಕೆ ಬಂತು. ವಲ್ಸಾ ಕೇರಳದಲ್ಲಿ ಓದಿ ಮದುವೆಯಾಗಿ ಬಂದವಳು. ಕನ್ನಡ ಮಾತಾಡಿಯಾಳು, ಓದಲು ಬಾರದು. ಆದರೂ ಕೋಳಿಯನ್ನು ಓಡಿಸುವುದು ಕೂಡ ಕನ್ನಡದಲ್ಲೇ ಮಾಡತೊಡಗಿದಳು. ಸುಳ್ಯದ ಹಾಸ್ಟೆಲಿನಲ್ಲಿದ್ದು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ ಮಗಳು ಜೋಸ್ನಾ ಶನಿವಾರ ಬಂದರೆ ಅಪ್ಪನ ಎದುರು ಕೂತು ಬಾಯಿ ಅಗಲಿಸಿ, "ಮ-ನೆ. ನೀ-ರು" ಎಂದು ಹೇಳಿಸುತ್ತಿದ್ದಳು. ಬಾಯಿ ಬಗ್ಗಲಿಲ್ಲ. ಎಡಗೈಯಲ್ಲಿ ಪೆನ್ನು ಕೊಟ್ಟರೆ ಕನ್ನಡದ ಗುಂಡು ಅಕ್ಷರಗಳು ಎರೆಹುಳ ಹರಿದಾಡಿದ ಹಾಗಾಗುತ್ತಿದ್ದವು.

ದಾರಿ ಸಿಕ್ಕಿದ್ದು ಮೂಲೆಯ ಕಂಪ್ಯೂಟರಿನಲ್ಲಿ. ಜೀಪಿನ ಕಾಲದಲ್ಲಿ ಪ್ರಕಟಣೆಗಳನ್ನು ಟೈಪ್ ಮಾಡಿಟ್ಟುಕೊಳ್ಳಲು ಕೊಂಡದ್ದು. ಅದರಲ್ಲಿ ನುಡಿ ತಂತ್ರಾಂಶದ ಹಳೆಯ ಆವೃತ್ತಿ ಇತ್ತು, ಎಮ್ ಒತ್ತಿದರೆ ಮ, ಎನ್ ಒತ್ತಿದರೆ ನ. ಆಂಟಣಿಗೆ ಗೊತ್ತಿದ್ದ ಕಂಪ್ಯೂಟರ್ ವಿದ್ಯೆ ಅಷ್ಟೆ. ಒಂದು ದಿನ ಎಡಗೈಯ ತೋರುಬೆರಳಿನಲ್ಲಿ, ಬೆವರುತ್ತ, ಅವನು ಮೂರು ಕೀಲಿ ಒತ್ತಿದ. ಪರದೆಯಲ್ಲಿ "ಮನೆ" ಎಂದು ಮೂಡಿತು. ಅವನು ಕೋಲು ಬಿಟ್ಟು ಎದ್ದು ನಿಂತುಬಿಟ್ಟ. ಬಾಯಿ ಮೋಸ ಮಾಡಿದರೂ ಬೆರಳು ಮೋಸ ಮಾಡಲಿಲ್ಲ.

ಅಲ್ಲಿಂದ ದಿನವೂ ಬೆಳಿಗ್ಗೆ ಅದೇ ಕೆಲಸ. ಶಬ್ದ ಸೇರಿ ವಾಕ್ಯವಾಯಿತು. ವಲ್ಸಾ ಪರದೆಯನ್ನು ನೋಡಿ, "ಚಂದ ಉಂಟು ಅಚ್ಚಾಯ" ಎನ್ನುತ್ತಿದ್ದಳು; ಗಂಡನನ್ನು ಅಚ್ಚಾಯ ಎಂದು ಕರೆಯುವುದಷ್ಟೇ ಅವಳಲ್ಲಿ ಉಳಿದ ಮಲಯಾಳ. ಜೋಸ್ನಾ ಓದಿ, "ಸೂಪರ್ ಪಪ್ಪ" ಎನ್ನುತ್ತಿದ್ದಳು. ಆಲಂಕಾರಿನ ಯುವಕ ಸಂಘದ ಲತೀಶ್ ಒಮ್ಮೆ ನೋಡಲು ಬಂದವನು ಆ ಬರಹ ಓದಿ ಬೆರಗಾದ.

"ಆಂಟಣಿಯಣ್ಣ, ನಮ್ಮ ಕಬಡ್ಡಿಗೆ ನೀವೇ ಬರೆದುಕೊಡಿ ಮಾರಾಯ್ರೆ. ತಂಡದ ಪರಿಚಯ, ನಡುವೆ ಹೇಳುವ ಮಾತು, ಎಲ್ಲ. ಓದ್ಲಿಕ್ಕೆ ಜನ ಉಂಟು, ಹೀಗೆ ಬರೆಯುವವರು ಯಾರೂ ಇಲ್ಲ."

ಪಂದ್ಯ ಬೇಸಿಗೆಯ ಕೊನೆಗೆ. ಆಂಟಣಿಯ ಮೈಯಲ್ಲಿ ಅರ್ಧ ಸತ್ತಿದ್ದ ಜೀವ ಆ ದಿನ ಪೂರ್ತಿ ಎದ್ದಿತು. ತನ್ನ ಮಾತು ಮತ್ತೆ ಮೈದಾನದಲ್ಲಿ ಕೇಳುತ್ತದೆ, ಬಾಯಿ ಯಾರದ್ದಾದರೇನು? ಮೂರು ಹೊತ್ತೂ ಅದೇ ಬರಹ, ಅದೇ ಧ್ಯಾನ.

ಆದರೆ ಮನುಷ್ಯ ಎದ್ದಾಗ ಯಂತ್ರ ಮಲಗಿತು. ಕಂಪ್ಯೂಟರ್ ಆನ್ ಮಾಡಿ ಗಂಜಿ ಉಂಡು ಬಂದರೂ ಅದು ತೆರೆದುಕೊಂಡಿರುತ್ತಿರಲಿಲ್ಲ. ಬರೆಯುತ್ತಿದ್ದ ಹಾಗೆ ಪರದೆ ನೀಲಿಯಾಗಿ ನಿಂತು, ಬರೆದದ್ದು ಮಾಯ. ಕಡಬದ ರಿಪೇರಿ ಅಂಗಡಿಯವನು, "ಇದನ್ನು ಗುಜರಿಗೆ ಕೊಡಿ" ಎಂದ. ಜೋಸ್ನಾಳಿಗೆ ಸಿಟ್ಟು ಬಂತು. ಅಪ್ಪನ ಬೆರಳಿಗೆ ಗುರುತಿದ್ದ ಕೀಲಿಮಣೆ, ಅಪ್ಪನ ಕಣ್ಣಿಗೆ ಗುರುತಿದ್ದ ಪರದೆ. ಗುಜರಿಗೆ ಕೊಡುವುದೆಂದರೆ ಏನರ್ಥ?

ಅವಳು ಕಾಲೇಜಿನಲ್ಲಿ ಅವರಿವರನ್ನು ವಿಚಾರಿಸಿದಳು. ಹಳೆಯ ಯಂತ್ರಕ್ಕೆ ವಿಂಡೋಸ್ ಬೇಡ, ಹಗುರವಾದ ಲಿನಕ್ಸ್ ಹಾಕು, ಓಡುತ್ತದೆ ಎಂದರು. ಯಾವ ಲಿನಕ್ಸ್ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಹೆಸರು. ಎರಡು ಶನಿವಾರ ಅವಳು ಪೆನ್‌ಡ್ರೈವಿನಿಂದ ಒಂದೊಂದನ್ನೇ ಓಡಿಸಿ ನೋಡಿದಳು, ಆಂಟಣಿ ಪಕ್ಕದ ಕುರ್ಚಿಯಲ್ಲಿ ಕೂತು ಕಾದ. ಮಿಂಟ್ ನೋಡಲು ಚಂದ, ಈ ಯಂತ್ರಕ್ಕೆ ಭಾರ. ಲುಬುಂಟುವಿನ ಹೊಸ ಆವೃತ್ತಿ ಇಂಥ ಹಳೆಯ ಪ್ರೊಸೆಸರನ್ನು ಹತ್ತಿರವೇ ಸೇರಿಸಲಿಲ್ಲ. ಪಪ್ಪಿ ಎಂಬುದೊಂದು ನಾಯಿಮರಿಯ ಹಾಗೆಯೇ ಚುರುಕು. ಆದರೆ ಮುಚ್ಚುವಾಗ ಇದನ್ನು ಎಲ್ಲಿ ಉಳಿಸಲಿ ಎಂದು ಪ್ರಶ್ನೆ ಹಾಕುತ್ತದೆ; ಉತ್ತರ ತಪ್ಪಿದರೆ ಬರೆದದ್ದು ಹೋದೀತು. ಪ್ರಶ್ನೆ ಕೇಳುವ ಯಂತ್ರ ಅಪ್ಪನಿಗೆ ಬೇಡ ಎಂದುಕೊಂಡಳು. ಆಂಟಿಎಕ್ಸ್ ಓಡಿತು, ಆದರೆ ಅಕ್ಷರಗಳು ಸಾಸಿವೆ ಕಾಳಿನಷ್ಟು ಸಣ್ಣವು. ಕೊನೆಗೆ ಡೆಬಿಯನ್, ಅದರ ಮೇಲೊಂದು ಹಗುರದ ಮುಖಪುಟ. ಎಡಗಡೆ ಕೆಳಗೆ ಮೊದಲಿದ್ದಂತೆಯೇ ಒಂದು ಗುಂಡಿ, ಕೆಳಗಡೆ ಅದೇ ಪಟ್ಟಿ. ಅಪ್ಪನಿಗೆ ದಾರಿ ತಪ್ಪದು.

ಅವಳು ಅವಸರ ಮಾಡಿದವಳಲ್ಲ. ಅಪ್ಪನ ಬರಹಗಳನ್ನೆಲ್ಲ ಮೊದಲು ಪೆನ್‌ಡ್ರೈವಿಗೆ ತೆಗೆದಿಟ್ಟಳು, ಆಮೇಲೆ ಹೊಸದಕ್ಕೆ ತಂದು ಹಾಕಿ ಒಂದೂ ಬಿಟ್ಟುಹೋಗಿಲ್ಲವೆಂದು ಎಣಿಸಿ ನೋಡಿಕೊಂಡಳು. ತೆರೆದು ನೋಡಲಿಲ್ಲ. ಅಪ್ಪ ತಾನೇ ತೋರಿಸಲಿ, ಅದು ಅಪ್ಪನ ಖುಷಿ. ಪರದೆಯ ಚಿತ್ರಗಳನ್ನು ದೊಡ್ಡದು ಮಾಡಿ, ನಡುವೆ ಬರಹಗಳ ಒಂದೇ ಪೆಟ್ಟಿಗೆಯಿಟ್ಟು ಅದಕ್ಕೆ "ಪಪ್ಪ" ಎಂದು ಹೆಸರಿಟ್ಟಳು. ಕೀಲಿಮಣೆಯ ಭಾಷೆಗಳ ಸಾಲಿನಲ್ಲಿ ಕನ್ನಡ ಕಂಡಿತು; ಆರಿಸಿದಳು. ಅವಳು ಕನ್ನಡ ಬರೆಯುವುದು ಮೊಬೈಲಿನಲ್ಲಿ ಮಾತ್ರ. ಕಂಪ್ಯೂಟರಿನ ಕನ್ನಡದಲ್ಲಿ ಎರಡು ಮೂರು ಜಾತಿಯ ಕೀಲಿಮಣೆ ಇದೆಯೆಂದು ಅವಳಿಗೆ ಯಾರು ಹೇಳಬೇಕು? ಸರಿ ಇದೆಯೇ ಎಂದು ನೋಡಲು ಒಂದು ಅಕ್ಷರ ಒತ್ತಿದಳು, ಕನ್ನಡದ ಕ. ಕೆ ಒತ್ತಿದರೆ ಕ ಬಂತು.

"ಆಯ್ತು ಪಪ್ಪ! ಇನ್ನು ಇದು ನಿಮಗಿಂತ ಜೋರು ಓಡ್ತದೆ. ನಾಳೆ ಬೆಳಿಗ್ಗೆ ಕೂತು ಮುಗಿಸಿಬಿಡಿ," ಎಂದು ಅಪ್ಪನ ಕೆನ್ನೆ ಹಿಂಡಿ, ಭಾನುವಾರ ಸಂಜೆಯ ಬಸ್ಸು ಹಿಡಿದಳು.

ಸೋಮವಾರ ಬೆಳಿಗ್ಗೆ ಆಂಟಣಿ ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪರದೆ ಬೆಳಗಿತ್ತು. ಮಗಳ ಬಗ್ಗೆ ಹೆಮ್ಮೆಯಾಯಿತು. ಪೆಟ್ಟಿಗೆ ತೆರೆದು ಕಬಡ್ಡಿಯ ಬರಹವನ್ನು ಒತ್ತಿದ.

ಬಂದದ್ದು ಕನ್ನಡವಲ್ಲ. ಯಾವುದೂ ಅಲ್ಲ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷಿನ ಎ, ಅದರ ಪಕ್ಕ ಪೌಂಡಿನ ಗುರುತು, ಮತ್ತೆ ಎ, ಕಾಲು ಅರ್ಧದ ಚಿಹ್ನೆ, ಮತ್ತೆ ಗೀಟಿನ ಎ. ಪುಟ ತುಂಬ ಅದೇ. ಮುಚ್ಚಿ ಇನ್ನೊಂದು ತೆರೆದ. ಅದರಲ್ಲೂ ಅದೇ. ಮೊದಮೊದಲು ಬರೆದ ಸಣ್ಣ ಪುಟ, ಮನೆ, ನೀರು, ವಲ್ಸಾ ಎಂದಷ್ಟೇ ಇದ್ದದ್ದು, ಅದರಲ್ಲೂ ಅದೇ ಕಸ.

ಕಣ್ಣು ಕೆಟ್ಟಿತೋ ಎಂದು ಹೆದರಿ ಮೇಜಿನ ಮೇಲಿದ್ದ ಪೇಪರ್ ಎತ್ತಿಕೊಂಡ. ತಲೆಬರಹ ಓದಿದ, ಕೆಳಗಿನ ಸುದ್ದಿ ಓದಿದ. ಪ್ರತಿ ಅಕ್ಷರ ಸರಿಯಾಗಿತ್ತು. ಕಣ್ಣು ಕೆಟ್ಟಿಲ್ಲ.

ಹಾಗಾದರೆ ಹೊಸದಾಗಿ ಬರೆದು ನೋಡಬೇಕು. ಖಾಲಿ ಪುಟ ತೆರೆದು ಮೊದಲು ಒಂದೇ ಕೀಲಿ ಒತ್ತಿದ. ಅವನೂ ಒತ್ತಿದ್ದು ಕೆ. ಕ ಬಂತು. ಯಂತ್ರ ಸರಿಯಿದೆ. ಉಸಿರು ಬಿಟ್ಟು, ಬೆರಳನ್ನೇ ನೋಡುತ್ತ, ಎಷ್ಟೋ ಸಾವಿರ ಸಲ ಒತ್ತಿದ ಮೂರು ಕೀಲಿ ಒತ್ತಿದ: ಮನೆ. ಪರದೆಯಲ್ಲಿ ಬಂದದ್ದು "ಸಲಾ".

ನೀರು ಎಂದು ಒತ್ತಿದ. "ಲಘೀಹ" ಎಂದು ಬಂತು. ಮಗಳು ಎಂದು ಒತ್ತಿದ. "ಸುಥಹ".

ಆಂಟಣಿ ಮೂರನ್ನೂ ಮತ್ತೊಮ್ಮೆ ಓದಿದ. ಸಲಾ, ಲಘೀಹ, ಸುಥಹ. ಈ ಭಾಷೆಯನ್ನು ಅವನು ಕೇಳಿದ್ದ. ಪಕ್ಕದ ಮಂಚದಲ್ಲಿ ಅಹ್ಮದ್ ಕುಂಞಿ ಇಡೀ ದಿನ ಆಡುತ್ತಿದ್ದದ್ದು ಇದನ್ನೇ. ಅವನಿಗೂ ತನ್ನ ಮಾತು ಸರಿಯಾಗಿಯೇ ಕೇಳುತ್ತಿತ್ತು. ಗುಣವಾಗುತ್ತ ಬಂದ ಹಾಗೆ ಗೊತ್ತಾಗುತ್ತದೆ ಎಂದು ಮೇಡಂ ಹೇಳಿರಲಿಲ್ಲವೇ? ಈಗ ಗೊತ್ತಾಗುತ್ತಿದೆ. ಇಷ್ಟು ತಿಂಗಳು ತಾನು ಬರೆದದ್ದು ಹೀಗೆಯೇ ಇತ್ತು; ತನ್ನ ಕೆಟ್ಟ ಮೆದುಳು ಅದನ್ನು ಕನ್ನಡವೆಂದು ತೋರಿಸುತ್ತಿತ್ತು. ಇವತ್ತು ಮೆದುಳು ಒಂದಿಷ್ಟು ಸರಿಯಾಗಿದೆ, ಇದ್ದದ್ದು ಇದ್ದ ಹಾಗೆ ಕಾಣುತ್ತಿದೆ.

ಹಾಗಾದರೆ ಜೋಸ್ನಾ "ಸೂಪರ್" ಎಂದದ್ದು? ಲತೀಶ್ ಬೆರಗಾದದ್ದು?

ಅವನಿಗೆ ಒಂದೇ ಒಂದು ಆಸೆ ಉಳಿಯಿತು, ವಲ್ಸಾಳನ್ನು ಕೇಳುವುದು. ಅವಳಿಗೆ ಓದಲು ಬಾರದೆಂಬುದು ಆ ಗಾಬರಿಯಲ್ಲಿ ಅವನಿಗೆ ನೆನಪಾಗಲಿಲ್ಲ. ಕೋಲು ಊರಿಕೊಂಡು ಅಡುಗೆಮನೆಗೆ ಹೋಗಿ ಅವಳ ಕೈ ಹಿಡಿದು ಎಳೆದು ತಂದ. ಪರದೆಗೆ ಬೆರಳು ತೋರಿಸಿದ. ಇದು ಏನು, ಇದು ಕನ್ನಡವೇ, ನಾನು ಯಾವಾಗಲೂ ಹೀಗೆಯೇ ಬರೆಯುತ್ತಿದ್ದೆನೇ ಎಂದು ಕೇಳಬೇಕಿತ್ತು.

"ಮಾನ್ಯರೇ!" ಎಂದ. "ಮಾನ್ಯರೇ? ಮಾನ್ಯರೇ!"

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ವಲ್ಸಾ ಪರದೆಯನ್ನು ನೋಡಿದಳು. ಕನ್ನಡದ ಅಕ್ಷರಗಳು ಕಂಡವು. ಹೊಸ ಕಂಪ್ಯೂಟರಿನಲ್ಲಿ ಗಂಡ ಮೊದಲ ಬಾರಿ ಬರೆದು, ಸಂತೋಷ ತಡೆಯಲಾರದೆ ತೋರಿಸುತ್ತಿದ್ದಾನೆ ಎಂದುಕೊಂಡಳು.

"ಚಂದ ಉಂಟು ಅಚ್ಚಾಯ," ಎಂದಳು. "ಮೊದಲಿಗಿಂತ ಚಂದ ಉಂಟು."

ಆಂಟಣಿ ಅವಳ ಮುಖವನ್ನೇ ನೋಡಿದ. ಆ ಮುಖದಲ್ಲಿ ಪ್ರೀತಿಯಿತ್ತು, ಅದೇ ಅವನನ್ನು ಕೊಂದಿತು. ಆಯಿಶಮ್ಮನ ಮುಖದಲ್ಲೂ ಪ್ರೀತಿಯೇ ಇದ್ದದ್ದು. ವಲ್ಸಾ ಒಲೆಯ ಕಡೆ ಹೋದ ಮೇಲೆ ಅವನು ಬಗ್ಗಿ ಪ್ಲಗ್ ಕಿತ್ತ. ಹಳೆಯ ಬೆಡ್‌ಶೀಟೊಂದನ್ನು ಎಳೆದು ಕಂಪ್ಯೂಟರಿಗೆ ಹೊದಿಸಿದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿ ಬಹಳ ಹೊತ್ತು ಅತ್ತ.

ಲತೀಶ್ ಎರಡು ಸಲ ಬಂದ. ಮೊದಲ ಸಲ ಆಂಟಣಿ ತಲೆ ಅಲ್ಲಾಡಿಸಿದ. ಎರಡನೆಯ ಸಲ ಕೋಲು ಎತ್ತಿದ. ತನ್ನನ್ನು ಆಡಿಸಲು ಊರೆಲ್ಲ ಸೇರಿ ಹೂಡಿದ ನಾಟಕಕ್ಕೆ ಈ ಹುಡುಗ ಬೇರೆ! ಅವನ ಸಿಟ್ಟಿನಲ್ಲಿ ಒಂದು ಕಣವೂ ಸುಳ್ಳಿರಲಿಲ್ಲ, ಸಿಟ್ಟಿನ ಕಾರಣ ಮಾತ್ರ ಸುಳ್ಳಾಗಿತ್ತು ಅಷ್ಟೆ. ಜೋಸ್ನಾ ಬಂದಾಗ ಬೆಡ್‌ಶೀಟ್ ತೆಗೆಯಲು ಬಿಡಲಿಲ್ಲ. "ಎಂತ ಆಯ್ತು ಪಪ್ಪ? ಹೊಸದು ಇಷ್ಟ ಆಗಲಿಲ್ವಾ?" ಎಂದು ಅವಳು ಕೇಳಿದರೆ ಅವಳ ಕೈಯನ್ನು ಮೆಲ್ಲಗೆ ಸರಿಸಿದ. ಮಾತಿನ ಪಾಠಕ್ಕೆಂದು ಸುಳ್ಯದ ಆಸ್ಪತ್ರೆಗೆ ಹೋಗುವುದನ್ನೂ ನಿಲ್ಲಿಸಿದ. ಇಂಥ ಕಾಯಿಲೆಯಲ್ಲಿ ಮನಸ್ಸು ಕುಗ್ಗುವುದು ಸಹಜ, ಬಲವಂತ ಮಾಡಬೇಡಿ ಎಂದು ಡಾಕ್ಟರರು ಫೋನಿನಲ್ಲಿ ಹೇಳಿದರು. ಯಾರೂ ಬಲವಂತ ಮಾಡಲಿಲ್ಲ. ಎಲ್ಲರೂ ಒಳ್ಳೆಯವರೇ.

ಕಬಡ್ಡಿಯ ದಿನ ಸಂಜೆ ಗಾಳಿ ಈ ಕಡೆಗಿತ್ತು. ಮೈಕಿನಲ್ಲಿ ಯಾರೋ "ಸೂಪರ್ ರೈಡ್, ಸೂಪರ್ ರೈಡ್" ಎಂದು ಕಿರುಚುತ್ತಿದ್ದ, ಬೇರೆ ಮಾತು ಅವನ ಬಳಿ ಇರಲಿಲ್ಲ. ಆಂಟಣಿ ಎದ್ದು ಕಿಟಕಿ ಹಾಕಿದ.

ಮಳೆಗಾಲದಲ್ಲಿ ಇನ್ನೊಂದು ಸಲ ಬಿದ್ದ. ಸಣ್ಣ ಪೆಟ್ಟು ಎಂದರು ಡಾಕ್ಟರರು, ಅವರಿಗೆ ಸಣ್ಣದು. ಎಡಗೈಯ ಬೆರಳುಗಳಿಗೆ ನಡುಕ ಬಂತು. ನೆನಪು ಅಲ್ಲಲ್ಲಿ ಹರಿದುಹೋಯಿತು. ಉಳಿದ ಒಂದು ಶಬ್ದವೂ ಹೋಗಿ, ಗಂಟಲಲ್ಲಿ ಬರೇ ಒಂದು ದನಿ ಉಳಿಯಿತು. ಮೊದಲು ಇವರು ಎಷ್ಟು ಬರೆಯುತ್ತಿದ್ದರು, ಒಮ್ಮೆ ತಂದು ತೋರಿಸಿ ಎಂದು ಆಸ್ಪತ್ರೆಯ ಮೇಡಂ ಕೇಳಿದ್ದಕ್ಕೆ ಜೋಸ್ನಾ ಮನೆಗೆ ಬಂದು ಬೆಡ್‌ಶೀಟ್ ತೆಗೆದಳು. ಗೀಟು ಹೊತ್ತ ಎ-ಗಳು ಅವಳಿಗೂ ಕಂಡವು. ಒಂದು ಫೋಟೋ ತೆಗೆದು ಕಾಲೇಜಿನ ಗೆಳತಿಗೆ ಕಳಿಸಿದರೆ ಕ್ಷಣದಲ್ಲಿ ಉತ್ತರ ಬಂತು: ಅದು ಹಳೇ ನುಡಿಯ ಬರಹ, ಅದರ ಫಾಂಟ್ ಹಾಕದೆ ಹಾಗೆಯೇ ಕಾಣುದು, ಕೀಬೋರ್ಡನ್ನೂ ನುಡಿಯ ಹಾಗಿರುವುದಕ್ಕೆ ಬದಲಿಸು, ಎರಡರಲ್ಲೂ ಕ ಒಂದೇ ಕೀಲಿ, ಹೆಚ್ಚಿನವೆಲ್ಲ ಬೇರೆ. ಅಪ್ಪ ಆ ಬರಹವನ್ನು ಕೊನೆಯ ಬಾರಿ ತೆರೆದದ್ದು ಯಾವ ದಿನ ಎಂದು ಕಂಪ್ಯೂಟರ್ ತೋರಿಸಿತು. ಅವಳು ಲಿನಕ್ಸ್ ಹಾಕಿ ಹೋದ ಮರುದಿನ ಬೆಳಿಗ್ಗೆ. ಜೋಸ್ನಾ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ಆಂಟಣಿ ಆಸ್ಪತ್ರೆಯಿಂದ ಬಂದ ದಿನ ಅವನನ್ನು ಕಂಪ್ಯೂಟರಿನ ಎದುರು ಕೂರಿಸಿದಳು.

"ಪಪ್ಪ, ನೋಡಿ, ನೀವು ಬರೆದದ್ದು. ಒಂದು ಅಕ್ಷರ ತಪ್ಪಿಲ್ಲ. ಆ ದಿನ ನಿಮಗೆ ಹಾಗೆ ಕಂಡದ್ದು ನನ್ನಿಂದ. ನಾನು ಹಾಕಿದ್ದರಲ್ಲಿ ಫಾಂಟ್ ಇರ್ಲಿಲ್ಲ, ಕೀಬೋರ್ಡೂ ಬೇರೆ ಹಾಕಿದ್ದೆ. ನಿಮ್ಮ ತಲೆ ಸರಿಯೇ ಇತ್ತು ಪಪ್ಪ. ನನ್ನದೇ ತಪ್ಪು."

ಆಂಟಣಿ ಓದಿದ. ಓದುವುದು ಇನ್ನೂ ಉಳಿದಿತ್ತು. "ಅಗೋ, ಎದುರಾಳಿಯ ಅಂಗಣಕ್ಕೆ ಕಾಲಿಟ್ಟ ದಾಳಿಗಾರ. ಅಲ್ಲಿ ಏಳು ಮಂದಿ, ಇವನ ಬಳಿ ಇರುವುದು ಒಂದೇ ಒಂದು ಉಸಿರು." ಎಷ್ಟು ಚಂದದ ಮಾತು. ತನ್ನದೇ ಧಾಟಿ. ಆದರೆ ಇದನ್ನು ತಾನು ಬರೆದ ನೆನಪು ಎಲ್ಲಿಯೂ ಸಿಗಲಿಲ್ಲ. ಮಗಳು ಚಿಕ್ಕವಳಿದ್ದಾಗ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಅವನ ಮಾತನ್ನೆಲ್ಲ ಬಾಯಿಪಾಠ ಹೇಳುತ್ತಿದ್ದಳು. ಅದು ಮಾತ್ರ ನೆನಪಿಗೆ ಬಂತು. ಪಾಪ, ಅಪ್ಪನ ಸಮಾಧಾನಕ್ಕೆ ಇಷ್ಟೆಲ್ಲ ಅವಳೇ ಕೂತು ಬರೆದಿದ್ದಾಳೆ, ತಪ್ಪನ್ನೂ ತನ್ನ ತಲೆಗೇ ಹಾಕಿಕೊಂಡಿದ್ದಾಳೆ.

"ಈಗ ಬರೆದು ನೋಡಿ," ಎಂದು ಜೋಸ್ನಾ ಅವನ ಬೆರಳನ್ನು ಕೀಲಿಮಣೆಯ ಮೇಲಿಟ್ಟಳು. "ಮನೆ ಅಂತ ಬರೀರಿ ಪಪ್ಪ. ಒಂದು ಸಲ."

ಮ ಬಂತು. ಆಮೇಲೆ ಬೆರಳು ಅಲ್ಲಿ ಇಲ್ಲಿ ಅಲೆಯಿತು, ನಡುಗಿತು, ಯಾವುದೋ ಎರಡು ಕೀಲಿ ಒತ್ತಿ ನಿಂತಿತು. ಬಂದದ್ದು ಶಬ್ದವಲ್ಲ. ಆಂಟಣಿ ಅದನ್ನು ನೋಡಿದ, ತಲೆ ಆಡಿಸಿದ. ಅವನಿಗೆ ಗೊತ್ತಿದ್ದದ್ದೇ.

ಜೋಸ್ನಾ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಸುಳ್ಳು ಸಿಕ್ಕಿಬಿತ್ತೆಂದು ಮಗಳು ಅಳುತ್ತಿದ್ದಾಳೆ ಎಂದುಕೊಂಡ ಆಂಟಣಿ. ಅವಳ ತಲೆಯ ಮೇಲೆ ಎಡಗೈ ಇಟ್ಟು, ಎಲ್ಲವನ್ನೂ ನಂಬಿದವನ ಹಾಗೆ ಪರದೆಯ ಕಡೆ ನೋಡಿ ನಕ್ಕ.